ಐದು-ಒಂಬತ್ತು

ರೇಡಿಯೋದಲ್ಲಿ ಸುಳ್ಳು ಹೇಳಿದರೆ ಈಗ ಬರೀ ಗೊರಗೊರ ಕೇಳಿಸುತ್ತದೆ. ಎಲ್ಲರೂ ಒಗ್ಗಿಹೋಗಿದ್ದೇವೆ, ಕರ್ಮ.

ಕ್ರೇನ್ ರಿಪೇರಿಗೆಂದು ಮೊಂಬಾಸಾಗೆ ಬಂದವನು ಹೋಟೆಲ್ ಬಾಲ್ಕನಿಗೆ ಆಂಟೆನಾ ತಂತಿ ಕಟ್ಟಿ, ಪುಟ್ಟ ಹ್ಯಾಮ್ ರೇಡಿಯೋ ಸೆಟ್ಟಿನಲ್ಲಿ ಮೈಸೂರಿನಲ್ಲಿದ್ದ ಹೆಂಡತಿಯನ್ನು ಕರೆದೆ.

“ನೀನಿಲ್ಲದೆ ಬೇಜಾರು, ಸುಗುಣಾ. ಓವರ್.”

“ಕೇಳಿಸ್ತು ಕಣ್ರೀ. ಓವರ್.”

“ನಿನಗೂ ಬೇಜಾರಾ? ಓವರ್.”

ಗೊರಗೊರ. ಕೊನೆಯ “ಓವರ್” ಮಾತ್ರ ಕೇಳಿಸಿತು.

ದನಿ ಎಷ್ಟೇ ಕೆಟ್ಟಿರಲಿ, “ಐದು-ಒಂಬತ್ತು”, ಅಂದರೆ ಸ್ಪಷ್ಟವಾಗಿ ಕೇಳಿಸಿತು, ಅನ್ನುವುದು ನಮ್ಮ ಹ್ಯಾಮ್‌ಗಳ ಹಳೇ ಮರ್ಯಾದೆ. ಆ ಹಾಳು ಅಭ್ಯಾಸಬಲದಿಂದ “ಐದು-ಒಂಬತ್ತು, ಸುಗುಣಾ” ಅಂದುಬಿಟ್ಟೆ.



“ನಿಮ್ಮದೂ ಗೊರಗೊರ ಕಣ್ರೀ,” ಎಂದಳು.

ಆ ಮಾತು ಮಾತ್ರ ಒಂದಕ್ಷರ ಬಿಡದೆ ಸಮುದ್ರ ದಾಟಿ ಬಂತು.