ಜ್ವರ ಬಂದ ಬಾಡಿಗೆ ಮನೆ

ಮನೆಗಳಿಗೆ ಜೀವ ಬಂದ ಮೇಲೆ ಬಾಡಿಗೆಗೆ ಕೊಡುವವರ ತಾಪತ್ರಯ ಹೆಚ್ಚಾಗಿತ್ತು. ಹುಬ್ಬಳ್ಳಿಯ ನೀಲವ್ವ ಉಳಿತಾಯವನ್ನೆಲ್ಲ ಸುರಿದು ಕೊಂಡಿದ್ದ ಎಳೆಯ ಮನೆಗೆ ಜ್ವರ ಬಂದು, ಗೋಡೆಗಳು ಕಾದಿದ್ದವು. "ಮನಿ ಉಳಿಯೂದು ಕಷ್ಟ, ಮಂದಿನ್ನ ಖಾಲಿ ಮಾಡಸ್ರಿ" ಎಂದಿದ್ದರು ಮನೆವೈದ್ಯರು. ಅದನ್ನೇ ಹೇಳಲು ಹೋದ ನೀಲವ್ವ ಬಾಗಿಲಲ್ಲೇ ನಿಂತಳು. ಬಾಡಿಗೆಗಿದ್ದ ಮೆಹಬೂಬಿ ಮತ್ತು ಅವಳ ಗಂಡ ಗೋಡೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದರು.

"ನೀವು ಬ್ಯಾರೆ ಮನಿ ನೋಡ್ಕೊಳ್ರವ್ವ," ಎಂದಳು ನೀಲವ್ವ.

"ನನ್ನ ಬಾಣಂತನದಾಗ ಥಂಡಿ ಗಾಳಿ ಬೀಸಿದ್ರ ಇದು ತಾನಾ ಕಿಟಕಿ ಮುಚ್ಚತಿತ್ರಿ ಅಕ್ಕಾರ. ಈಗ ಹೆಂಗ ಬಿಟ್ಟು ಹೋಗ್ಲಿ?" ಎಂದಳು ಮೆಹಬೂಬಿ.

ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾನೂ ಒಂದು ಬಟ್ಟೆ ಹಿಂಡಿದಳು.

ಸಂಜೆಯ ಹೊತ್ತಿಗೆ ಗೋಡೆ ಬೆವರಿ ತಣ್ಣಗಾಯಿತು. ನೀಲವ್ವ ಮೆಹಬೂಬಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.