ಹತ್ತು ಮೀಟರ್ ದಾಟಿದವರು

ಗುಂಡು ಎಸೆತದ ಆಯ್ಕೆಪಟ್ಟಿಯಲ್ಲಿ ಹುಡುಗಿಯ ನಂಬರೇ ಇರಲಿಲ್ಲ. ಮುಂದಿನ ಸುತ್ತಿಗೆ ಎಂಟು ಜನ. ಫಲಕದಲ್ಲಿ ಅಂಟಿಸಿದ್ದು ಬರೀ ಎಂಟು ನಂಬರು, ಯಾರು ಎಷ್ಟು ದೂರ ಎಸೆದರೆಂದು ಬರೆದಿರಲಿಲ್ಲ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಶೂ ಬಿಚ್ಚತೊಡಗಿದಳು. ಅವಳಿಗೆ ಎಸೆಯುವುದನ್ನು ಕಲಿಸಿದ ಸೋದರತ್ತೆ ಮಾತ್ರ ಪಟ್ಟಿಯನ್ನೇ ಕಿತ್ತುಕೊಂಡು ಕ್ರೀಡಾಂಗಣದ ಕಚೇರಿಗೆ ನಡೆದಳು.

ಕಂಪ್ಯೂಟರಿನವನು ಕತ್ತೆತ್ತಲೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಈ ಪಟ್ಟಿ ತೆಗೆಯುತ್ತಿರುವವನು ತಾನೇ, ಇವತ್ತಿನವರೆಗೆ ಒಬ್ಬರೂ ಬೆರಳು ತೋರಿಸಿಲ್ಲ ಎಂದ. ಸೋತವರ ಕಡೆಯವರು ಬಂದು ಹೀಗೆ ನಿಲ್ಲುವುದು ಅವನಿಗೆ ಹೊಸದೇನಲ್ಲ.

"ನಮ್ಮ ಹುಡುಗಿ ಹತ್ತು ಮೀಟರ್ ನಾಲ್ಕು ಸೆಂಟಿಮೀಟರ್ ಎಸೆದಿದ್ದಾಳೆ. ಬೆಳಿಗ್ಗೆಯಿಂದ ಎಲ್ಲಾ ಗುಂಪನ್ನೂ ನಿಂತು ನೋಡಿದ್ದೀನಿ, ಬೇರೆ ಯಾರೂ ಹತ್ತು ದಾಟಿಲ್ಲ. ನಾಲ್ಕು ಗಂಟೆಗೆ ಆಯ್ಕೆ ಮುಗಿಸ್ತೀರಿ. ಅಷ್ಟರೊಳಗೆ ಎಲ್ಲರ ದೂರ ತೆಗೆದು ತೋರ್ಸಿ."

ಪೀಡೆ ತೊಲಗಿದರೆ ಸಾಕೆಂದು ಅವನು ತೆಗೆದ. 10.04 ಇತ್ತು, ಸರಿಯಾಗಿಯೇ ಇತ್ತು. ಆದರೆ ಎಲ್ಲರಿಗಿಂತ ಕೆಳಗೆ, 6.88ಕ್ಕೂ ಕೆಳಗೆ. ಅವನ ಮುಖ ಇಳಿಯಿತು. ದೂರ ಬರೆಯುವ ಕಾಲಮ್ಮಿನಲ್ಲಿ ಒಮ್ಮೊಮ್ಮೆ 'ಫೌಲ್' ಎಂದೂ ಬರೆಯಬೇಕಲ್ಲ, ಅದಕ್ಕಾಗಿ ಅವನು ಅದನ್ನು ಅಕ್ಷರಗಳ ಕಾಲಮ್ಮಾಗಿ ಮಾಡಿಟ್ಟಿದ್ದ. ಹಾಗಾಗಿ ಕಂಪ್ಯೂಟರ್ ದೂರವನ್ನು ಸಂಖ್ಯೆಯಾಗಿ ಓದದೆ ನಿಘಂಟಿನ ಪದಗಳಂತೆ ಜೋಡಿಸುತ್ತಿತ್ತು: ಫೌಲ್ ಬಿಟ್ಟು ಉಳಿದದ್ದರಲ್ಲಿ ಒಂಬತ್ತರಿಂದ ಶುರುವಾದದ್ದು ಮೇಲೆ, ಒಂದರಿಂದ ಶುರುವಾದದ್ದು ಕೆಳಗೆ. ಎಲ್ಲರೂ ಹತ್ತರೊಳಗೇ ಎಸೆಯುತ್ತಿದ್ದರೆ ಯಾವ ತೊಂದರೆಯೂ ಇಲ್ಲ.

"ಹತ್ತು ದಾಟೋರು ಬರ್ತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ," ಎಂದ ಮೆಲ್ಲಗೆ.

"ಬಂದಿದ್ದಾಳಲ್ಲ. ಸರಿ ಮಾಡಿ."

ದೂರವನ್ನು ಸಂಖ್ಯೆಯಾಗಿ ಬದಲಿಸಿಕೊಂಡು ಜೋಡಿಸು ಎಂದು ಅವನು ಕಂಪ್ಯೂಟರಿಗೆ ಕೊಡುವ ಆಜ್ಞೆಯಲ್ಲಿ ಒಂದು ಪದ ಸೇರಿಸಿದ. ಆತುರದಲ್ಲಿ, ಈ ವರ್ಷದ್ದು ಮಾತ್ರ ಎಂದು ಹೇಳುವುದನ್ನು ಮರೆತ. ಹತ್ತೊಂಬತ್ತು ವರ್ಷದ ಎಸೆತಗಳೆಲ್ಲ ಒಟ್ಟಿಗೆ ಬಂದವು. 10.04 ಮೇಲಕ್ಕೆ ಏರಿತ್ತು, ಆದರೆ ಎರಡನೆಯ ಸಾಲಿಗೆ. ಮೊದಲ ಸಾಲಿನಲ್ಲಿ 10.31, ಹತ್ತೊಂಬತ್ತು ವರ್ಷದ ಹಿಂದಿನದು. ಅದರ ಪಕ್ಕದಲ್ಲಿ ಅತ್ತೆಯ ಹೆಸರಿತ್ತು.

ಆ ವರ್ಷ ಅವಳು ಇದೇ ಫಲಕದ ಮುಂದೆ ನಿಂತು, ತನಗಿಂತ ಗಟ್ಟಿಗರು ಎಂಟು ಜನ ಇದ್ದಾರೆ ಎಂದು ನಂಬಿ, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದಳು. ಆಮೇಲೆ ಗುಂಡು ಮುಟ್ಟಿದ್ದು ಹುಡುಗಿಗೆ ಕಲಿಸಲಿಕ್ಕೇ. ಈಗ ಅವಳು ಪರದೆಯ ಹತ್ತಿರ ಬಗ್ಗಿ ಆ ಸಾಲನ್ನು ಎರಡು ಸಲ ಓದಿದಳು. ಕಂಪ್ಯೂಟರಿನವನು ಆ ಹೆಸರು ಯಾರದೆಂದು ಕೇಳಿದಾಗ, ನನ್ನದೇ, ಅದನ್ನು ಆಮೇಲೆ ಮಾತಾಡೋಣ, ಮೊದಲು ಈ ವರ್ಷದ ಪಟ್ಟಿ ತೆಗೆಯಿರಿ ಎಂದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೊಸ ಪಟ್ಟಿ ಫಲಕಕ್ಕೆ ಬಂತು. ತನ್ನ ನಂಬರು ಎಲ್ಲಕ್ಕಿಂತ ಮೇಲಿರುವುದನ್ನು ನೋಡಿ ಹುಡುಗಿ ಬರಿಗಾಲಲ್ಲೇ ಕುಣಿದಾಡಿದಳು. ಇಷ್ಟು ವರ್ಷದಲ್ಲಿ ಹತ್ತು ದಾಟಿದವಳು ತಾನೊಬ್ಬಳೇ ಅಲ್ಲವೇ ಎಂದು ಕೇಳಿದಳು.

"ಇಬ್ರು," ಎಂದಳು ಅತ್ತೆ, ಗುಂಡನ್ನು ಎತ್ತಿ ಅವಳ ಕೈಗಿಡುತ್ತಾ. "ಇನ್ನೊಬ್ಬಳನ್ನ ಹಿಂದೆ ಹಾಕೋಕೆ ಇನ್ನೂ ಇಪ್ಪತ್ತೆಂಟು ಸೆಂಟಿಮೀಟರ್ ಬೇಕು. ಶೂ ಹಾಕ್ಕೋ."