ಕುಳಿತು ಇಳಿದ ಮೆಟ್ಟಿಲು

ನನಗೆ ದೃಷ್ಟಿ ತಗುಲಿರಲಿಲ್ಲ, ನಾನು ಸೋಗು ಹಾಕಿರಲೂ ಇಲ್ಲ. ತಲೆ ತಿರುಗಿತ್ತು, ಅಷ್ಟೇ. ಈಗಲೂ ಸೊಸೆ ಮೆಣಸಿನಕಾಯಿ ಹುರಿದರೆ ಆ ಮಧ್ಯಾಹ್ನ ನೆನಪಾಗುತ್ತದೆ.

ಆ ವಾರ ಮೂರನೇ ಸಲ ಬಾವಿಯ ಮೆಟ್ಟಿಲ ಮೇಲೆ ಎಲ್ಲ ಗರಗರ ತಿರುಗಿ ಕೊಡ ಕೈಬಿಟ್ಟಿದ್ದೆ. ಅವ್ವ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ಮನೆಮಂದಿಯೆಲ್ಲ ಕೆಮ್ಮಿದರು.

"ದೃಷ್ಟಿನೂ ಇಲ್ಲ, ಏನೂ ಇಲ್ಲ. ನೀರ ತರಾಕ ಬ್ಯಾಸರ ಇಕಿಗೆ," ಎಂದಳು ಅಪ್ಪನ ಅಕ್ಕ, ಮೂಗು ಒರೆಸಿಕೊಳ್ಳುತ್ತ.

"ಇಲ್ಲ ಅತ್ತಿ, ಮೆಟ್ಟಲಾ ತಿರಗತಾವ. ಬಿದ್ದು ಸಾಯ್ತೇನಿ."

"ಸಾಯೂದಿದ್ರ ಕೊಡ ದಂಡಿಗಿಟ್ಟು ಸಾಯಿ."

ಅವ್ವ ಕೊಡ ಬೆಳಗಿಟ್ಟಳು.

ಮರುದಿನ ಬೆಳಗ್ಗೆ ಖಾಲಿ ಕೊಡ ತೊಡೆಯ ಮೇಲಿಟ್ಟು, ಗೋಡೆ ಹಿಡಿದು, ಕುಂಡೆ ಊರುತ್ತ ಒಂದೊಂದೇ ಮೆಟ್ಟಿಲು ಇಳಿದೆ. ನೀರಿಗೆ ಬಂದ ಹೆಂಗಸರು ನಕ್ಕರು. ಅವರಿಗೆ ದಾರಿ ಬಿಡದೆ, ಅರ್ಧ ಕೊಡ ತುಂಬಿಕೊಂಡು, ಕುಳಿತುಕೊಂಡೇ ಮೇಲೆ ಬಂದೆ.